ಕೇಳಿದರು, ಬಿಟ್ಟರು, ಯಾರೂ ತಗೊಳ್ಳಲಿಲ್ಲ: ಕೊಲರಾಡೊ ನದಿಯ ಆ ನೀರು ಯಾರ ಖಾತೆಗೆ?

ಅಮೆರಿಕದ ಕೊಲರಾಡೊ ನದಿಯ ನೀರಿನ ಜಗಳ ಅಂದ ಕೂಡಲೇ ಎಲ್ಲರೂ ದೊಡ್ಡ ಅಂಕಿಗಳ ಬಗ್ಗೆ ಮಾತಾಡುತ್ತಾರೆ. ಯಾವ ರಾಜ್ಯಕ್ಕೆ ಎಷ್ಟು ಪಾಲು, ಮೀಡ್ ಸರೋವರ ಎಷ್ಟು ಅಡಿ ಇಳಿಯಿತು, ಯಾರು ಎಷ್ಟು ಕಡಿತ ಒಪ್ಪಿದರು, ಹೀಗೆ. ಅದೇ ಲೆಕ್ಕದ ಪುಸ್ತಕದ ಒಂದು ಮೂಲೆಯಲ್ಲಿ ಇನ್ನೊಂದು ಕಾಲಂ ಇದೆ. ನೀರು ಬೇಕು ಅಂತ ಆರ್ಡರ್ ಕೊಟ್ಟರು, ಅಣೆಕಟ್ಟಿನಿಂದ ಬಿಟ್ಟರು, ನೀರು ಬಂದು ಮುಟ್ಟಿತು, ಆದರೆ ಕೇಳಿದವರು ತಮ್ಮ ಕಾಲುವೆಗೆ ತಿರುಗಿಸಿಕೊಳ್ಳಲಿಲ್ಲ. ಆ ನೀರಿನ ಕಾಲಂ ಅದು.

ಪ್ರಮಾಣ ಸಣ್ಣದು. ಆದರೆ ಈ ನದಿಯ ಲೆಕ್ಕ ಯಾರ ಕಡೆಗೆ ವಾಲಿದೆ ಅನ್ನುವುದು ಈ ಕಾಲಂನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೊದಲು ನದಿಯ ಕೆಳಭಾಗದ ಚಿತ್ರ ಕಣ್ಣ ಮುಂದೆ ಇರಲಿ. ಹೂವರ್ ಅಣೆಕಟ್ಟಿನ ಹಿಂದೆ ಮೀಡ್ ಸರೋವರ. ಅದರ ಕೆಳಗೆ ಡೇವಿಸ್ ಅಣೆಕಟ್ಟು, ಅದರ ಕೆಳಗೆ ಪಾರ್ಕರ್. ಪಾರ್ಕರ್ ಹಿಂದೆ ಹವಾಸು ಸರೋವರ. ಅಲ್ಲಿಂದ ಒಂದು ಕಡೆ ಲಾಸ್ ಏಂಜಲೀಸ್ ಭಾಗಕ್ಕೆ, ಇನ್ನೊಂದು ಕಡೆ ಫೀನಿಕ್ಸ್ ಮತ್ತು ಟೂಸಾನ್‌ಗೆ ನೀರನ್ನು ಪಂಪ್ ಮಾಡಿ ಎತ್ತುತ್ತಾರೆ. ಪಾರ್ಕರ್‌ನಿಂದ ಕೆಳಗೆ ನದಿ ಮರುಭೂಮಿಯಲ್ಲಿ ಹರಿದು ಇಂಪೀರಿಯಲ್ ಡ್ಯಾಮ್ ತಲುಪುತ್ತದೆ. ಇದು ನೀರು ತುಂಬಿಡುವ ಡ್ಯಾಮ್ ಅಲ್ಲ, ನೀರನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಕಟ್ಟೆ. ಪಶ್ಚಿಮಕ್ಕೆ ಆಲ್-ಅಮೆರಿಕನ್ ಕಾಲುವೆ ಹೊರಟು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮತ್ತು ಕೋಚೆಲ್ಲಾ ಕಣಿವೆಗಳ ಹೊಲಗಳಿಗೆ ಹೋಗುತ್ತದೆ. ಪೂರ್ವಕ್ಕೆ ಹೀಲಾ ಕಾಲುವೆ ಅರಿಜೋನಾದ ಯೂಮಾ ಕಡೆಯ ಹೊಲಗಳಿಗೆ. ಇನ್ನೂ ಸ್ವಲ್ಪ ಕೆಳಗೆ ಮೆಕ್ಸಿಕೊ ಗಡಿ, ಅಲ್ಲಿ ಮೊರೆಲೋಸ್ ಅಣೆಕಟ್ಟು. ಅದೂ ತಿರುವು ಕಟ್ಟೆಯೇ. ಅಮೆರಿಕದಲ್ಲಿ ಚಳಿಗಾಲದಲ್ಲಿ ತಿನ್ನುವ ಲೆಟಿಸ್, ಪಾಲಕ್‌ನಂಥ ಸೊಪ್ಪಿನ ಬಹುಪಾಲು ಬರುವುದು ಈ ಯೂಮಾ–ಇಂಪೀರಿಯಲ್ ಪಟ್ಟಿಯಿಂದಲೇ.

ಪಾರ್ಕರ್‌ನಲ್ಲಿ ಬಿಟ್ಟ ನೀರು ಇಂಪೀರಿಯಲ್ ಡ್ಯಾಮ್ ಮುಟ್ಟಲು ಸುಮಾರು 3 ದಿನ ಬೇಕು. ಇಡೀ ಸಮಸ್ಯೆ ಹುಟ್ಟುವುದು ಇಲ್ಲೇ.

ಸೋಮವಾರ ಹೊಲಕ್ಕೆ ನೀರು ಬೇಕು ಅಂದರೆ ಶುಕ್ರವಾರವೇ ಪಾರ್ಕರ್ ಗೇಟ್ ಎತ್ತಿರಬೇಕು. ಹಾಗಾಗಿ ನೀರಾವರಿ ಸಂಸ್ಥೆಗಳು ತಮ್ಮ ರೈತರಿಗೆ ಎಷ್ಟು ಬೇಕಾದೀತು ಅಂತ ಅಂದಾಜು ಮಾಡಿ ನದಿಯ ಉಸ್ತುವಾರಿ ಇರುವ ಬ್ಯೂರೋ ಆಫ್ ರಿಕ್ಲಮೇಶನ್‌ಗೆ ಮುಂಗಡವಾಗಿ ಆರ್ಡರ್ ಕೊಡುತ್ತವೆ. ಎಲ್ಲರ ಆರ್ಡರ್ ಕೂಡಿಸಿ, ದಾರಿಯಲ್ಲಿ ಇಂಗುವುದು ಆರುವುದನ್ನು ಸೇರಿಸಿ, ಮೆಕ್ಸಿಕೊ ಕೇಳಿದ್ದನ್ನೂ ಸೇರಿಸಿ ಬ್ಯೂರೋದವರು ಗೇಟ್ ತೆರೆಯುತ್ತಾರೆ. ಕೆಳಗೆ ಇಂಪೀರಿಯಲ್ ಕಣಿವೆಯಲ್ಲಿ ಹೊಲದ ತೂಬಿನವರೆಗೆ ನೀರು ಮುಟ್ಟಿಸುವ ನೀರುಗಂಟಿಗಳಿದ್ದಾರೆ. ಅಲ್ಲಿ ಅವರನ್ನು ಸ್ಪ್ಯಾನಿಷ್‌ನಲ್ಲಿ ಸಾನ್‌ಹೇರೋ ಅಂತಲೇ ಕರೆಯುವುದು. ಯಾವ ತೂಬು ಎಷ್ಟು ಹೊತ್ತಿಗೆ ಎಷ್ಟು ಎತ್ತಬೇಕು ಅನ್ನುವುದು ಅವರ ಕೈಯಲ್ಲಿದೆ. ಆದರೆ 3 ದಿನ ಹಿಂದೆ ಪಾರ್ಕರ್‌ನಿಂದ ಹೊರಟ ನೀರು ಅವರ ಕೈಯಲ್ಲಿಲ್ಲ.

ಆಮೇಲೆ ಮಳೆ ಬರುತ್ತದೆ. ಯೂಮಾದಲ್ಲಿ ವರ್ಷಕ್ಕೆ ಬೀಳುವುದು ಹೆಚ್ಚು ಕಡಿಮೆ 3 ಇಂಚು ಮಳೆ. ಆದರೆ ಬಿದ್ದ ದಿನ ಎಲ್ಲ ಹೊಲಕ್ಕೂ ಒಟ್ಟಿಗೆ ಬೀಳುತ್ತದೆ. ಒದ್ದೆ ಹೊಲಕ್ಕೆ ಮತ್ತೆ ನೀರು ಹಾಯಿಸುವವರು ಯಾರೂ ಇಲ್ಲ. ಜೋರು ಗಾಳಿ ಬೀಸಿದರೂ ನೀರು ಬೇಡ ಅನ್ನುವವರಿದ್ದಾರೆ. ಕಾಲುವೆಯಲ್ಲೆಲ್ಲೋ ಗೇಟ್ ಕೆಟ್ಟರೂ ಅಷ್ಟೇ. ರೈತರು ಆರ್ಡರ್ ರದ್ದು ಮಾಡುತ್ತಾರೆ, ಸಂಸ್ಥೆ ತನ್ನ ಆರ್ಡರ್ ಇಳಿಸುತ್ತದೆ, ಬ್ಯೂರೋದವರು ಪಾರ್ಕರ್ ಗೇಟ್ ಇಳಿಸುತ್ತಾರೆ. ಅಷ್ಟರಲ್ಲಿ 3 ದಿನದ ನೀರು ನದಿಯಲ್ಲಿ ಬರುತ್ತಲೇ ಇರುತ್ತದೆ. ಬಿಟ್ಟ ಬಾಣ ಅದು.

ಒಂದು ಲೆಕ್ಕ ಮಾಡೋಣ. ಅಂಕಿ ನನ್ನ ಕಲ್ಪನೆಯದು, ಅಳತೆ ಮಾತ್ರ ನಿಜದ್ದು. ಒಂದು ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಹತ್ತಿರ ಹತ್ತಿರ 2 ಎಕರೆ-ಅಡಿ ಆಗುತ್ತದೆ. ಒಂದು ಎಕರೆ-ಅಡಿ ಅಂದರೆ ಸುಮಾರು 12.33 ಲಕ್ಷ ಲೀಟರ್. ನಮ್ಮ ಪತ್ರಿಕೆಗಳ ಟಿಎಂಸಿ ಲೆಕ್ಕದಲ್ಲಿ ಹೇಳುವುದಾದರೆ ಒಂದು ಟಿಎಂಸಿಗೆ ಸುಮಾರು 23 ಸಾವಿರ ಎಕರೆ-ಅಡಿ. ಈಗ ಇಂಪೀರಿಯಲ್ ಡ್ಯಾಮ್‌ನಲ್ಲಿ ಎಲ್ಲರೂ ಸೇರಿ 6,000 ಕ್ಯೂಸೆಕ್ ಕೇಳಿದ್ದರು, ಮಳೆ ಬಂದು 5,200 ಮಾತ್ರ ತಗೊಂಡರು ಅಂತಿಟ್ಟುಕೊಳ್ಳಿ. ದಿನಕ್ಕೆ 800 ಕ್ಯೂಸೆಕ್ ಉಳಿಯಿತು, ಅಂದರೆ ಸುಮಾರು 1,600 ಎಕರೆ-ಅಡಿ. ಮಳೆ ಬಂದ ದಿನವೇ ಪಾರ್ಕರ್ ಗೇಟ್ ಇಳಿಸಿದರೂ 3 ದಿನಕ್ಕೆ 4,800 ಎಕರೆ-ಅಡಿ ಹೀಗೆ ಯಾರಿಗೂ ಬೇಡದೆ ಬಂದು ನಿಲ್ಲುತ್ತದೆ.

ಈ 4,800ಕ್ಕೆ ನಾಲ್ಕು ದಾರಿ ಉಂಟು. ಕೆಳಗಿನ ಇನ್ಯಾರಿಗೋ ಅದೇ ಹೊತ್ತಿಗೆ ನೀರು ಬೇಕಾಗಿದ್ದರೆ ಅವರು ತಗೊಳ್ಳಬಹುದು. ಮೆಕ್ಸಿಕೊಗೆ ಒಪ್ಪಂದದ ಪ್ರಕಾರ ಹೇಗೂ ಕೊಡಬೇಕಾದ ನೀರಿಗೆ ಇದನ್ನು ಹೊಂದಿಸಬಹುದು. ಹತ್ತಿರದಲ್ಲಿ ಎಲ್ಲಾದರೂ ಜಾಗ ಇದ್ದರೆ ಹಿಡಿದಿಡಬಹುದು. ಮೂರೂ ಆಗದೆ ಉಳಿದದ್ದು ಗಡಿ ದಾಟಿ ಹೋಗುತ್ತದೆ, ಒಪ್ಪಂದಕ್ಕಿಂತ ಜಾಸ್ತಿ ಹೋದ ನೀರು ಅಂತ ಬರೆದುಕೊಳ್ಳುತ್ತಾರೆ. ನಮ್ಮ ಉದಾಹರಣೆಯಲ್ಲಿ 500 ಬೇರೆಯವರಿಗೆ, 1,200 ಮೆಕ್ಸಿಕೊ ಪಾಲಿಗೆ, 2,500 ಶೇಖರಣೆಗೆ ಹೋಯಿತು, ಉಳಿದ 600 ಎಕರೆ-ಅಡಿ ಗಡಿ ದಾಟಿತು ಅಂದುಕೊಳ್ಳಿ.

ಹಾಗಾದರೆ ಆ 600 ಯಾರ ಖರ್ಚು?

ಇದಕ್ಕೆ ಕಾನೂನಿನ ಉತ್ತರ ಬಹಳ ಹಳೆಯದು. ಅರಿಜೋನಾ 1952ರಲ್ಲಿ ಕ್ಯಾಲಿಫೋರ್ನಿಯಾ ಮೇಲೆ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ದಾವೆ ಹೂಡಿತು. 1963ರಲ್ಲಿ ತೀರ್ಪು, 1964ರ ಮಾರ್ಚ್‌ನಲ್ಲಿ ಡಿಕ್ರಿ. ಕೆಳ ಕೊಲರಾಡೊದ 75 ಲಕ್ಷ ಎಕರೆ-ಅಡಿಯಲ್ಲಿ ಕ್ಯಾಲಿಫೋರ್ನಿಯಾಗೆ 44 ಲಕ್ಷ, ಅರಿಜೋನಾಗೆ 28 ಲಕ್ಷ, ನೆವಾಡಾಗೆ 3 ಲಕ್ಷ ಅನ್ನುವುದು ಗಟ್ಟಿಯಾಯಿತು. 2006ರಲ್ಲಿ ಎಲ್ಲ ತಿದ್ದುಪಡಿ ಸೇರಿಸಿ ಒಟ್ಟು ಡಿಕ್ರಿ ಹೊರಡಿಸಿದರು. ಅದರ ಐದನೇ ವಿಧಿ ಪೂರ್ತಿ ಲೆಕ್ಕ ಇಡುವುದರ ಬಗ್ಗೆಯೇ ಇದೆ. ಅಣೆಕಟ್ಟಿನಿಂದ ಬಿಟ್ಟದ್ದು ಎಷ್ಟು, ಪ್ರತಿಯೊಬ್ಬ ಬಳಕೆದಾರ ತಿರುಗಿಸಿಕೊಂಡದ್ದು ಎಷ್ಟು, ನದಿಗೆ ವಾಪಸ್ ಬಂದದ್ದು ಎಷ್ಟು, ಮೆಕ್ಸಿಕೊಗೆ ಒಪ್ಪಂದದ ಲೆಕ್ಕಕ್ಕೆ ಎಷ್ಟು ಮತ್ತು ಅದಕ್ಕಿಂತ ಜಾಸ್ತಿ ಎಷ್ಟು, ಎಲ್ಲವನ್ನೂ ಬರೆದಿಡಬೇಕು. ಆರ್ಡರ್ ಮಾಡಿಯೂ ತಿರುಗಿಸಿಕೊಳ್ಳದ ನೀರನ್ನು ಬಳಕೆದಾರರ ಹೆಸರು ಹಿಡಿದು ಬೇರೆ ಬೇರೆಯಾಗಿ ಬರೆಯಬೇಕು, ಅದರಲ್ಲಿ ಮೆಕ್ಸಿಕೊ ಒಪ್ಪಂದಕ್ಕೆ ಎಷ್ಟು ಹೋಯಿತು, ಬೇರೆ ಹಕ್ಕುದಾರರು ಎಷ್ಟು ಬಳಸಿಕೊಂಡರು ಅನ್ನುವುದನ್ನೂ ತೋರಿಸಬೇಕು. ವರ್ಷಕ್ಕೆ ಒಮ್ಮೆಯಾದರೂ ಈ ಲೆಕ್ಕ ಯಾರು ಬೇಕಾದರೂ ನೋಡುವ ಹಾಗಿರಬೇಕು.

ಅಂದರೆ 1964ರಲ್ಲೇ ಕೋರ್ಟಿಗೆ ಈ ನೀರಿನ ಬಗ್ಗೆ ಗೊತ್ತಿತ್ತು. ಬರೆದಿಡಿ ಅಂತ ಹೇಳಿತು. ವಸೂಲಿ ಮಾಡಿ ಅಂತ ಹೇಳಲಿಲ್ಲ.

ಯಾಕೆಂದರೆ ಅದೇ ಡಿಕ್ರಿಯಲ್ಲಿ ಬಳಕೆ ಅಂದರೆ ಏನು ಅನ್ನುವುದಕ್ಕೆ ಬಿಗಿಯಾದ ಅರ್ಥ ಕೊಟ್ಟಿದ್ದಾರೆ. ನದಿಯಿಂದ ತಿರುಗಿಸಿಕೊಂಡ ನೀರಿನಲ್ಲಿ ಮತ್ತೆ ಬಳಸಲು ಸಿಗುವಂತೆ ನದಿಗೆ ವಾಪಸ್ ಬಂದದ್ದನ್ನು ಕಳೆದರೆ ಉಳಿಯುವುದೇ ಬಳಕೆ. ರಾಜ್ಯದ ಪಾಲಿನಿಂದ ಕಳೆಯುವುದು ಇದನ್ನು ಮಾತ್ರ. ತಿರುಗಿಸಿಕೊಳ್ಳದೇ ಇದ್ದ ನೀರು ಈ ಸೂತ್ರದೊಳಗೆ ಬರುವುದೇ ಇಲ್ಲ. ಕೇಳಿದವರ ಖಾತೆಯಲ್ಲಿ ಅದು ಸೊನ್ನೆ. ಮೆಕ್ಸಿಕೊದ ಖಾತೆಯಲ್ಲೂ ಅದು ಜಮಾ ಅಲ್ಲ. 1944ರ ಒಪ್ಪಂದದಂತೆ ಮೆಕ್ಸಿಕೊಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ಕೊಡಬೇಕು, ಅದಕ್ಕಿಂತ ಜಾಸ್ತಿ ಹೋದ ನೀರನ್ನು ಬಳಸಿಕೊಂಡ ಮಾತ್ರಕ್ಕೆ ಮೆಕ್ಸಿಕೊಗೆ ಅದರ ಮೇಲೆ ಹಕ್ಕು ಬರುವುದಿಲ್ಲ ಅಂತ ಅದೇ ಒಪ್ಪಂದದಲ್ಲಿದೆ. ಅವರೂ ತಮ್ಮ ಹೊಲಗಳ ಕಾಲ ನೋಡಿಕೊಂಡು ವೇಳಾಪಟ್ಟಿ ಹಾಕಿ ನೀರು ಕೇಳುತ್ತಾರೆ. ಹೇಳದೆ ಕೇಳದೆ ಬಂದ ನೀರನ್ನು ಹಿಡಿದಿಡಲು ಮೊರೆಲೋಸ್‌ನಲ್ಲಿ ಜಾಗವೂ ಇಲ್ಲ.

ನೀರು ಮಾತ್ರ ಹೋಗಿರುವುದು ನಿಜ. ಮೀಡ್ ಸರೋವರದಿಂದ ಅಷ್ಟು ಕಡಿಮೆಯಾಗಿರುವುದೂ ನಿಜ. ಖರ್ಚು ಬಿದ್ದದ್ದು ಸರೋವರಕ್ಕೆ, ಅಂದರೆ ಎಲ್ಲರಿಗೂ, ಅಂದರೆ ಯಾರಿಗೂ ಅಲ್ಲ. ಬಿಡುವಾಗ ಅಣೆಕಟ್ಟಿನ ಗೇಟಿನಲ್ಲಿ ಅಳೆದು, ಖಾತೆಗೆ ಬರೆಯುವಾಗ ಮಾತ್ರ 3 ದಿನ ಕೆಳಗಿನ ಕಾಲುವೆಯ ಬಾಯಲ್ಲಿ ಅಳೆದರೆ ನಡುವಿನ ವ್ಯತ್ಯಾಸಕ್ಕೆ ಅಪ್ಪ ಅಮ್ಮ ಇರುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು, ಚರ್ಚೆಗಳಲ್ಲಿ ಇದು ತಪ್ಪಿಹೋಗುತ್ತದೆ. ಆರ್ಡರ್ ರದ್ದು ಮಾಡುವುದು ಎಲ್ಲರಿಗೂ ಒಂದೇ ತರಹ ಅಲ್ಲ. ಲಾಸ್ ವೇಗಸ್ ತನ್ನ ನೀರನ್ನು ಮೀಡ್ ಸರೋವರದಿಂದಲೇ ಎತ್ತುತ್ತದೆ. ಬೇಡ ಅಂದರೆ ಪಂಪ್ ನಿಲ್ಲಿಸಿದರಾಯಿತು, ನೀರು ಸರೋವರದಲ್ಲೇ ಇರುತ್ತದೆ. ಲಾಸ್ ಏಂಜಲೀಸ್ ಭಾಗದವರೂ ಫೀನಿಕ್ಸ್‌ನವರೂ ಹವಾಸು ಸರೋವರದಿಂದ ಎತ್ತುತ್ತಾರೆ, ಅವರ ರದ್ದಾದ ಆರ್ಡರ್ ಅಲ್ಲೇ ನಿಲ್ಲುತ್ತದೆ. ಸಿಕ್ಕಿಹಾಕಿಕೊಳ್ಳುವವರು ಪಾರ್ಕರ್ ಕೆಳಗಿನ ರೈತರು ಮಾತ್ರ. ಅವರು ಬೇಜವಾಬ್ದಾರಿ ಅಂತಲ್ಲ, ಅವರ ಹೊಲ ಇರುವ ಜಾಗ ಹಾಗಿದೆ. ಆದರೆ ಇನ್ನೊಂದು ಮುಖವೂ ಇದೆ. ಈ ರೈತರದ್ದೇ ನದಿಯ ಮೇಲೆ ಹಳೆಯ, ಗಟ್ಟಿ ಹಕ್ಕು. ಇಂಪೀರಿಯಲ್ ಇರಿಗೇಶನ್ ಡಿಸ್ಟ್ರಿಕ್ಟ್ ಅನ್ನುವ ನೀರಾವರಿ ಸಂಸ್ಥೆ ಒಂದಕ್ಕೇ ವರ್ಷಕ್ಕೆ 31 ಲಕ್ಷ ಎಕರೆ-ಅಡಿ, ನೆವಾಡಾ ರಾಜ್ಯದ ಪಾಲಿನ ಹತ್ತು ಪಟ್ಟು. ಮೀಡ್ ಇಳಿದಾಗ ಮೊದಲ ಏಟು ಬೀಳುವುದು ಅವರಿಗಲ್ಲ. 2022ಕ್ಕೆ ಮೊದಲ ಬಾರಿ ನೀರಿನ ಕೊರತೆ ಘೋಷಿಸಿದಾಗ ಅರಿಜೋನಾದ ಪಾಲಿನಲ್ಲಿ 5.12 ಲಕ್ಷ ಎಕರೆ-ಅಡಿ ಕಡಿತವಾಯಿತು, ಅದರ ಬಿಸಿ ಜಾಸ್ತಿ ತಟ್ಟಿದ್ದು ಅದೇ ರಾಜ್ಯದ ಮಧ್ಯಭಾಗದ ಪೀನಾಲ್ ಕೌಂಟಿಯ ರೈತರಿಗೆ. ಕೆಳಗೆ ಯಾರೋ ಕೇಳಿ ಬಿಟ್ಟ ನೀರಿನಿಂದಲೇ ಅವರ ಹೊಲ ಒಣಗಿತು ಅಂತ ನಾನು ಹೇಳುತ್ತಿಲ್ಲ, ಅಷ್ಟು ದೊಡ್ಡ ಪ್ರಮಾಣ ಅಲ್ಲ ಇದು. ಆದರೆ ಕೊರತೆ ಘೋಷಣೆ ನಿಂತಿರುವುದು ಮೀಡ್ ಸರೋವರದ 1,075 ಅಡಿ, 1,050 ಅಡಿ ಅನ್ನುವ ಗೆರೆಗಳ ಮೇಲೆ. ಗೆರೆಯ ಹತ್ತಿರ ನೀರು ಇದ್ದಾಗ ಒಂದೊಂದು ಅಡಿಗೂ ಬೆಲೆ ಇದೆ ಅಲ್ವಾ?

ಎಷ್ಟು ಬೆಲೆ ಅನ್ನುವುದನ್ನು ಡಾಲರ್‌ನಲ್ಲೇ ನೋಡಬಹುದು. ಇಂಪೀರಿಯಲ್ ಕಣಿವೆಯ ರೈತ ಬಹಳ ವರ್ಷ ಎಕರೆ-ಅಡಿಗೆ ಕಟ್ಟಿದ್ದು 20 ಡಾಲರ್. ಬರ ಜೋರಾದಾಗ ನೀರು ಬಳಸದೆ ಮೀಡ್‌ನಲ್ಲೇ ಬಿಡಿ ಅಂತ ಕೇಂದ್ರ ಸರ್ಕಾರ ಕೊಡಲು ಮುಂದೆ ಬಂದದ್ದು ಒಂದು ವರ್ಷದ ಕರಾರಿಗೆ ಎಕರೆ-ಅಡಿಗೆ 330 ಡಾಲರ್, ಮೂರು ವರ್ಷಕ್ಕಾದರೆ 400. ನಮ್ಮ ಉದಾಹರಣೆಯ 600 ಎಕರೆ-ಅಡಿ ಒಂದು ಲೆಕ್ಕದಲ್ಲಿ 12 ಸಾವಿರ ಡಾಲರ್, ಇನ್ನೊಂದು ಲೆಕ್ಕದಲ್ಲಿ 2 ಲಕ್ಷ 40 ಸಾವಿರ ಡಾಲರ್. ಒಂದು ಕಡೆ ಇಷ್ಟು ದುಡ್ಡು ಸುರಿದು ಸರೋವರದಲ್ಲಿ ನೀರು ಉಳಿಸುವುದು, ಇನ್ನೊಂದು ಕಡೆ ಹಾಗೇ ಹರಿದುಹೋಗಲು ಬಿಡುವುದು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇದನ್ನು ತಡೆಯಲು ಏನೂ ಮಾಡಿಲ್ಲ ಅಂತಲ್ಲ. ಇಂಪೀರಿಯಲ್ ಡ್ಯಾಮ್‌ಗೆ ಸ್ವಲ್ಪ ಮೇಲೆ ಸೆನೆಟರ್ ವಾಷ್ ಅನ್ನುವ ಸಣ್ಣ ಜಲಾಶಯ 1960ರ ದಶಕದಲ್ಲೇ ಬಂತು. ಜಾಸ್ತಿ ಬಂದ ನೀರನ್ನು ಅದಕ್ಕೆ ಪಂಪ್ ಮಾಡಿ, ಬೇಕಾದಾಗ ಇಳಿಸುವುದು. ಜಿನುಗುವ ಸಮಸ್ಯೆಯಿಂದಾಗಿ ಅದನ್ನು ಪೂರ್ತಿ ತುಂಬಲು ಬಿಡುತ್ತಿಲ್ಲ. ಆಮೇಲೆ 2010ರಲ್ಲಿ ಆಲ್-ಅಮೆರಿಕನ್ ಕಾಲುವೆಯ ಪಕ್ಕದಲ್ಲೇ ಬ್ರಾಕ್ ಜಲಾಶಯ ಕಟ್ಟಿ ಮುಗಿಸಿದರು. ಎರಡು ತೊಟ್ಟಿ, ಒಂದೊಂದರಲ್ಲಿ 4,000 ಎಕರೆ-ಅಡಿ. ಖರ್ಚು ಸುಮಾರು 17.2 ಕೋಟಿ ಡಾಲರ್. ವರ್ಷಕ್ಕೆ ಸರಾಸರಿ 70 ಸಾವಿರ ಎಕರೆ-ಅಡಿ ನೀರು ಉಳಿದೀತು ಅನ್ನುವುದು ಯೋಜನೆಯ ಅಂದಾಜು.

ಬ್ರಾಕ್ ಕಥೆ ನನಗೆ ತುಂಬಾ ಸ್ವಾರಸ್ಯ ಅನ್ನಿಸುವುದು ಅದರ ಕಾಂಕ್ರೀಟಿಗಲ್ಲ, ಅದರ ಹಣಕ್ಕೆ. ದುಡ್ಡು ಹಾಕಿದ್ದು ಆರ್ಡರ್ ಮಾಡಿ ತಗೊಳ್ಳದೆ ಬಿಡುವವರಲ್ಲ. ದಕ್ಷಿಣ ನೆವಾಡಾ, ಅಂದರೆ ಲಾಸ್ ವೇಗಸ್‌ನ ನೀರು ಸಂಸ್ಥೆ, ಸುಮಾರು 11.5 ಕೋಟಿ ಡಾಲರ್ ಹಾಕಿತು. ಉಳಿದದ್ದನ್ನು ಲಾಸ್ ಏಂಜಲೀಸ್ ಭಾಗದ ಮೆಟ್ರೋಪಾಲಿಟನ್ ಸಂಸ್ಥೆಯೂ ಮಧ್ಯ ಅರಿಜೋನಾದ ಕಾಲುವೆ ಸಂಸ್ಥೆಯೂ ಹಂಚಿಕೊಂಡವು. ಬದಲಿಗೆ ಅವರಿಗೆ ನೀರಿನ ಜಮಾ ಸಿಕ್ಕಿತು: ನೆವಾಡಾಗೆ ಒಟ್ಟು 4 ಲಕ್ಷ ಎಕರೆ-ಅಡಿ, ಉಳಿದ ಇಬ್ಬರಿಗೆ ತಲಾ 1 ಲಕ್ಷ. ಇಂಪೀರಿಯಲ್ ಡ್ಯಾಮ್ ಲಾಸ್ ವೇಗಸ್‌ನಿಂದ ನೂರಾರು ಮೈಲಿ ಕೆಳಗಿದೆ. ಅಲ್ಲಿ ಹಿಡಿದ ನೀರು ಹಿಂದಕ್ಕೆ ಹತ್ತಿ ಲಾಸ್ ವೇಗಸ್‌ಗೆ ಹೋಗುವುದಿಲ್ಲ. ಕೆಳಗೆ ಹಿಡಿದಷ್ಟನ್ನು ಮೇಲಿಂದ ಬಿಡಬೇಕಾಗಿಲ್ಲ, ಆದ್ದರಿಂದ ಅಷ್ಟನ್ನು ಮೀಡ್‌ನಿಂದ ಎತ್ತಿಕೊಳ್ಳಿ ಅನ್ನುವ ಲೆಕ್ಕ.

ಇದರ ಅರ್ಥ ಯೋಚಿಸಿ ನೋಡಿ. ನಷ್ಟವಾಗುವಾಗ ಆ ನೀರಿಗೆ ಹೆಸರಿರಲಿಲ್ಲ. ಉಳಿಸಿದ ಕೂಡಲೇ ಹೆಸರು ಬಂತು, ಖಾತೆ ಬಂತು. ಪೋಲಾಗುವುದು ಎಲ್ಲರ ಸರೋವರದಿಂದ, ಉಳಿತಾಯ ಮಾತ್ರ ದುಡ್ಡು ಹಾಕಿದವರಿಗೆ. ಇದು ಅನ್ಯಾಯ ಅಂತ ಒಂದೇ ಮಾತಲ್ಲಿ ಹೇಳಲು ನನಗೆ ಮನಸ್ಸು ಬರುತ್ತಿಲ್ಲ, ಯಾಕೆಂದರೆ ಆ ದುಡ್ಡು ಬರದಿದ್ದರೆ ಬ್ರಾಕ್ ಅಷ್ಟು ಬೇಗ ಏಳುತ್ತಿರಲಿಲ್ಲ. ಆದರೆ ಪಾರ್ಕರ್ ಕೆಳಗಿನವರಿಗೆ ಇದರಿಂದ ಸಿಕ್ಕಿದ್ದು ಪುಕ್ಕಟೆ ವಿಮೆ. ಅವರ ಅಂದಾಜು ತಪ್ಪಿದರೆ ಹಿಡಿಯಲು ಬೇರೆಯವರು ಕಟ್ಟಿಸಿದ ತೊಟ್ಟಿ ಇದೆ.

ಸರಿ, ಹಾಗಾದರೆ ಕೇಳಿ ತಗೊಳ್ಳದವರ ಖಾತೆಗೇ ಬರೆದುಬಿಡಿ, ಮುಗಿಯಿತಲ್ಲ ಅಂತ ಯಾರಿಗಾದರೂ ಅನ್ನಿಸಬಹುದು. ಕೇಳಲು ಚೆನ್ನಾಗಿದೆ. ಮಾಡಲು ಹೋದರೆ ಎಡವಟ್ಟು.

ಪಾರ್ಕರ್‌ಗೂ ಇಂಪೀರಿಯಲ್ ಡ್ಯಾಮ್‌ಗೂ ನಡುವೆ ಇರುವ ಪಾಲೋ ವರ್ಡೆ ಕಣಿವೆಯನ್ನು ತೆಗೆದುಕೊಳ್ಳಿ. ಅಲ್ಲಿನವರು ನದಿಯಿಂದ ಬಹಳ ನೀರು ತಿರುಗಿಸಿಕೊಳ್ಳುತ್ತಾರೆ, ಅದರಲ್ಲಿ ದೊಡ್ಡ ಪಾಲು ಬಸಿಗಾಲುವೆಗಳಲ್ಲಿ ವಾಪಸ್ ನದಿಗೇ ಬರುತ್ತದೆ, ಅಷ್ಟೂ ಅವರ ಲೆಕ್ಕದಿಂದ ಕಳೆಯುತ್ತದೆ. ಮಳೆ ಬಂತು, 100 ಎಕರೆ-ಅಡಿ ಬೇಡವಾಯಿತು. ತಿರುಗಿಸಿಕೊಳ್ಳದಿದ್ದರೆ ಪೂರ್ತಿ 100 ಖಾತೆಗೆ ಬೀಳುತ್ತದೆ ಅಂತ ನಿಯಮ ಮಾಡಿದಿರಿ ಅನ್ನಿ. ತಿರುಗಿಸಿಕೊಂಡು ಕಾಲುವೆಯಲ್ಲಿ ಸುಮ್ನೆ ಒಂದು ಸುತ್ತು ಹೊಡೆಸಿ ವಾಪಸ್ ಬಿಟ್ಟರೆ ಖಾತೆಗೆ ಬೀಳುವುದು ದಾರಿಯಲ್ಲಿ ಕಳೆದುಹೋದಷ್ಟು ಮಾತ್ರ. ಯಾರು ತಾನೇ ಬೇಡ ಅಂತ ನಿಜ ಹೇಳುತ್ತಾರೆ? ಇಂಪೀರಿಯಲ್ ಕಣಿವೆಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಅಲ್ಲಿ ಹೊಲದಿಂದ ಬಸಿದ ನೀರು ನದಿಗೆ ವಾಪಸ್ ಬರುವುದಿಲ್ಲ, ಸಾಲ್ಟನ್ ಸೀ ಅನ್ನುವ ಉಪ್ಪು ಸರೋವರಕ್ಕೆ ಹೋಗುತ್ತದೆ. ಹೇಗೂ ಖಾತೆಗೆ ಬಿತ್ತು, ಒದ್ದೆ ಹೊಲಕ್ಕೇ ಹಾಯಿಸಿಬಿಡೋಣ ಅಂತ ಶುರುವಾದರೆ, ಬ್ರಾಕ್‌ನಲ್ಲೋ ಮೆಕ್ಸಿಕೊ ಪಾಲಿನಲ್ಲೋ ಉಪಯೋಗಕ್ಕೆ ಬರಬಹುದಾಗಿದ್ದ ನೀರೂ ಹೋಯಿತು. ದಂಡ ಹಾಕಿ ಪೋಲು ಜಾಸ್ತಿ ಮಾಡಿದ ಹಾಗೆ.

ಏನೂ ಹಾಕದಿದ್ದರೂ ತೊಂದರೆ. ಕಡಿಮೆ ಕೇಳಿದರೆ ಬಿಸಿಲಲ್ಲಿ ಬೆಳೆ ಒಣಗುತ್ತದೆ, ಜಾಸ್ತಿ ಕೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಇಂಥ ಜಾಗದಲ್ಲಿ ಯಾವ ಮ್ಯಾನೇಜರ್ ಕೂಡ ಸ್ವಲ್ಪ ಮೇಲೇ ಬರೆಯುತ್ತಾನೆ. ಅದಕ್ಕೆ ಕೆಟ್ಟ ಮನಸ್ಸು ಬೇಕಿಲ್ಲ.

ಇನ್ನು ಯಾರದ್ದು ಅಂತ ಹೇಳುವುದೇ ಕಷ್ಟದ ಕೆಲಸ. ನಮ್ಮ 4,800ಕ್ಕೆ ವಾಪಸ್ ಬನ್ನಿ. ಎರಡು ಸಂಸ್ಥೆ ಸೇರಿ ತಗೊಳ್ಳದೆ ಬಿಟ್ಟ ನೀರು ಅದು, ಮೊದಲನೆಯದು 3,000 ಬಿಟ್ಟಿತು, ಎರಡನೆಯದು 1,800. ಗಡಿ ದಾಟಿದ್ದು 600. ಬಿಟ್ಟ ಪ್ರಮಾಣಕ್ಕೆ ತಕ್ಕಂತೆ ಹಂಚಿದರೆ ಮೊದಲನೆಯವರಿಗೆ 375, ಎರಡನೆಯವರಿಗೆ 225. ಆದರೆ ಮೊದಲನೆಯವರು ಮೊದಲ ದಿನವೇ ಹೇಳಿದ್ದರು, ಆಗ ಬ್ರಾಕ್‌ನಲ್ಲಿ ಇನ್ನೂ ಜಾಗ ಇತ್ತು. ಎರಡನೆಯವರು ಮೂರನೇ ದಿನ ಹೇಳಿದರು, ಅಷ್ಟರಲ್ಲಿ ತೊಟ್ಟಿ ತುಂಬಿತ್ತು. ಕೊನೆಗೆ ಬಿಟ್ಟವರದ್ದೇ ಹರಿದುಹೋದದ್ದು ಅಂತ ಹಿಡಿದರೆ 600 ಪೂರ್ತಿ ಎರಡನೆಯವರ ತಲೆಗೆ. ಇದರ ನಡುವೆ ಅದೇ ಮಳೆಗೆ ಅಕ್ಕಪಕ್ಕದ ಹಳ್ಳಗಳಿಂದ 400 ಎಕರೆ-ಅಡಿ ನದಿಗೆ ಬಂದು ಸೇರಿದ್ದರೆ? ಆಗ ಯಾರೂ ಒಂದು ಹನಿ ಬಿಡದಿದ್ದರೂ ಸ್ವಲ್ಪ ನೀರು ಗಡಿ ದಾಟುತ್ತಿತ್ತು. ಆ 400ನ್ನು ಮೊದಲು ಕಳೆಯಬೇಕೋ ಆಮೇಲೋ? ಒಂದೊಂದು ಕ್ರಮಕ್ಕೂ ಒಂದೊಂದು ಉತ್ತರ ಬರುತ್ತದೆ. ಎಲ್ಲ ಉತ್ತರವೂ ಅಂಕಗಣಿತದಲ್ಲಿ ಸರಿ.

ಪೂರ್ತಿ ವರ್ಷಕ್ಕೆ ಕೂಡಿಸಿ ನೋಡಿದರೆ ಇನ್ನೊಂದು ಆಟ. ಒಂದು ದಿನ ಕೇಳಿದ್ದಕ್ಕಿಂತ 800 ಕಡಿಮೆ ತಗೊಂಡರು, ಇನ್ನೊಂದು ದಿನ 800 ಜಾಸ್ತಿ ತಗೊಂಡರು. ವರ್ಷದ ಕೊನೆಗೆ ವ್ಯತ್ಯಾಸ ಸೊನ್ನೆ. ಆದರೆ ಮೊದಲ ದಿನ ನೀರು ಗಡಿ ದಾಟಿ ಹೋಗಿಯಾಗಿದೆ, ಎರಡನೇ ದಿನ ಶೇಖರಣೆ ಬರಿದು ಮಾಡಿಯಾಗಿದೆ. ವರ್ಷದ ಪಟ್ಟಿಯಲ್ಲಿ ಎರಡೂ ಕಾಣುವುದಿಲ್ಲ. ಕಾಲಂ ಇದೆ, ಅದು ನಿಜ. ಅದರಲ್ಲಿ ಬರುವ ಅಂಕಿ ಯಾವ ಅವಧಿಗೆ ಕೂಡಿಸಿದ್ದು ಅನ್ನುವುದರ ಮೇಲೆ ಅದರ ಬೆಲೆ ನಿಂತಿದೆ.

ನನ್ನ ಅಭಿಪ್ರಾಯ ಕೇಳಿದರೆ, ತಿರುಗಿಸಿಕೊಳ್ಳದ ಎಲ್ಲ ನೀರಿಗೂ ಶುಲ್ಕ ಬೇಡ. ಬೇರೆಯವರು ಬಳಸಿದ್ದು, ಮೆಕ್ಸಿಕೊ ಪಾಲಿಗೆ ಹೊಂದಿದ್ದು, ತೊಟ್ಟಿಯಲ್ಲಿ ನಿಂತದ್ದು ನಷ್ಟವೇ ಅಲ್ಲ. ನಷ್ಟ ಅಂದರೆ ಆ ಕೊನೆಯ 600 ಮಾತ್ರ. ಅದನ್ನೂ ಇಂಥವರದ್ದೇ ಅಂತ ಬೆರಳು ತೋರಿಸುವ ಜಗಳ ಬಿಟ್ಟು, ಪಾರ್ಕರ್ ಕೆಳಗೆ ಆರ್ಡರ್ ಕೊಡುವ ಎಲ್ಲರದ್ದೂ ಸೇರಿಸಿ ಒಂದು ಕೂಡು ಖಾತೆ ಮಾಡಿ ಅಲ್ಲಿಗೆ ಹಾಕಬಹುದು. ವರ್ಷದಲ್ಲಿ ಯಾರ ಆರ್ಡರ್‌ಗೂ ತಗೊಂಡದ್ದಕ್ಕೂ ಜಾಸ್ತಿ ಅಂತರವೋ ಅವರ ಪಾಲು ಜಾಸ್ತಿ. ವಸೂಲಿ ನೀರಿನಲ್ಲಿ ಬೇಡ, ಹಣದಲ್ಲಿ ಇರಲಿ, ಆ ಹಣ ಇನ್ನೊಂದು ತೊಟ್ಟಿಗೋ ಸೆನೆಟರ್ ವಾಷ್ ರಿಪೇರಿಗೋ ಹವಾಮಾನದ ಮುನ್ನಂದಾಜಿಗೋ ಹೋಗಲಿ. ಹಣ ಅಂದದ್ದು ಯಾಕೆಂದರೆ ನೀರಿನ ಖಾತೆಗೆ ಕೈ ಹಾಕಿದ ಕೂಡಲೇ ಮತ್ತೆ ಹಕ್ಕು, ಡಿಕ್ರಿ, ಕೋರ್ಟು. ಬಳಕೆಗೆ ಡಿಕ್ರಿ ಕೊಟ್ಟಿರುವ ಅರ್ಥ ಬದಲಿಸುವುದು ಹುಡುಗಾಟ ಅಲ್ಲ. ಪಾಲಿಗಿಂತ ಜಾಸ್ತಿ ಬಳಸಿದವರು ಮುಂದಿನ ವರ್ಷಗಳಲ್ಲಿ ತುಂಬಿಕೊಡಬೇಕು ಅನ್ನುವ ನಿಯಮ 2003ರಿಂದ ಇದೆ, ಆದರೆ ಅದೂ ತಿರುಗಿಸಿಕೊಂಡ ನೀರಿನ ಮೇಲೆಯೇ ನಿಂತಿದೆ.

ಈ ಲೇಖನದಲ್ಲಿ ಇಷ್ಟು ಹೊತ್ತು ನಷ್ಟ, ಪೋಲು ಅಂತ ಬರೆದಿದ್ದೇನಲ್ಲ, ಗಡಿಯ ಆಚೆ ನಿಂತವರು ಅದನ್ನು ಒಪ್ಪುವುದಿಲ್ಲ. ಕೊಲರಾಡೊ ಈಗ ಸಾಮಾನ್ಯವಾಗಿ ಸಮುದ್ರ ಮುಟ್ಟುವುದೇ ಇಲ್ಲ. ಮೊರೆಲೋಸ್‌ನಲ್ಲಿ ನದಿಯ ನೀರನ್ನೆಲ್ಲ ಕಾಲುವೆಗೆ ತಿರುಗಿಸಿದ ಮೇಲೆ ಕೆಳಗೆ ಉಳಿಯುವುದು ಮರಳು. ಅಲ್ಲಿನ ದಂಡೆಯ ಮರಗಳಿಗೆ, ಹಕ್ಕಿಗಳಿಗೆ ಆಗೀಗ ಸಿಗುತ್ತಿದ್ದ ನೀರು ಈ ಯಾರಿಗೂ ಬೇಡದ ನೀರೇ. ಬ್ರಾಕ್ ಬಂದ ಮೇಲೆ ಅದು ಕಡಿಮೆಯಾಯಿತು. ಆಲ್-ಅಮೆರಿಕನ್ ಕಾಲುವೆಯ 23 ಮೈಲಿಗೆ ಕಾಂಕ್ರೀಟ್ ಹಾಕಿ ವರ್ಷಕ್ಕೆ 67,700 ಎಕರೆ-ಅಡಿ ಇಂಗುವುದನ್ನು ತಡೆದಾಗಲೂ ಹೀಗೇ ಆಯಿತು, ಗಡಿಯಾಚೆಯ ಮೆಹಿಕಾಲಿ ಕಣಿವೆಯ ಬಾವಿಗಳಿಗೆ ಒಸರುತ್ತಿದ್ದ ನೀರು ನಿಂತಿತು, ವಿಷಯ ಕೋರ್ಟಿಗೂ ಹೋಯಿತು. 2014ರಲ್ಲಿ ಎರಡೂ ದೇಶ ಒಪ್ಪಿಕೊಂಡು ಸುಮಾರು 1 ಲಕ್ಷ 5 ಸಾವಿರ ಎಕರೆ-ಅಡಿ ನೀರನ್ನು ಬೇಕೆಂದೇ ಆ ಒಣ ಪಾತ್ರಕ್ಕೆ ಬಿಟ್ಟವು. ನನಗನ್ನಿಸುವುದು, ಮುಖಜ ಭೂಮಿಗೆ ನೀರು ಬೇಕು ಅನ್ನುವುದಾದರೆ ಹೀಗೆ ಹೆಸರು ಹೇಳಿ ಕೊಡುವುದೇ ಮೇಲು. ಯೂಮಾದಲ್ಲಿ ಮಳೆ ಬಿದ್ದಾಗ ಯಾರದ್ದೋ ಅಂದಾಜು ತಪ್ಪಿ ಬರುವ ನೀರನ್ನು ನಂಬಿ ಕಾಡು ಬೆಳೆಯುವುದಿಲ್ಲ.

ಇದೆಲ್ಲ ಈಗ ಯಾಕೆ ಮುಖ್ಯ ಅಂದರೆ, ಮೀಡ್ ಮತ್ತು ಅದಕ್ಕಿಂತ ಮೇಲಿರುವ ಪೊವೆಲ್ ಜಲಾಶಯಗಳ ನಿರ್ವಹಣೆಗೆ 2007ರಲ್ಲಿ ಮಾಡಿದ ನಿಯಮಗಳ ಅವಧಿ 2026ಕ್ಕೆ ಮುಗಿಯುತ್ತದೆ. ಮುಂದೇನು ಅನ್ನುವುದರ ಬಗ್ಗೆ ನದಿಯ ಮೇಲ್ಭಾಗ ಕೆಳಭಾಗ ಸೇರಿ ಏಳು ರಾಜ್ಯಗಳ ಹಗ್ಗಜಗ್ಗಾಟ ವರ್ಷಗಳಿಂದ ನಡೆದಿದೆ. ಅದರ ನಡುವೆ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿದೆ. ಮೀಡ್‌ನಿಂದ ಮೆಕ್ಸಿಕೊ ಗಡಿವರೆಗೆ ಆವಿಯಾಗಿಯೂ ದಂಡೆಯ ಗಿಡಮರ ಹೀರಿಯೂ ವರ್ಷಕ್ಕೆ ಸುಮಾರು 13 ಲಕ್ಷ ಎಕರೆ-ಅಡಿ ಹೋಗುತ್ತದೆ ಅಂತ ಬ್ಯೂರೋ 2024ರಲ್ಲಿ ಲೆಕ್ಕ ಕೊಟ್ಟಿತು. ಇದೂ ಇಷ್ಟು ವರ್ಷ ಯಾರ ಖಾತೆಗೂ ಬೀಳದ ನೀರು. ಅದೇ ವರ್ಷ ಕೆಳಗಿನ ಮೂರು ರಾಜ್ಯಗಳು ಮೆಕ್ಸಿಕೊವನ್ನೂ ಸೇರಿಸಿಕೊಂಡು ವರ್ಷಕ್ಕೆ 15 ಲಕ್ಷದವರೆಗೆ ಕಡಿತ ಹೊರುವ ಪ್ರಸ್ತಾಪ ಮುಂದಿಟ್ಟವು. ಹಾಗೆ ನೋಡಿದರೆ ಅಪ್ಪ ಅಮ್ಮ ಇಲ್ಲದ ಅತಿ ದೊಡ್ಡ ಕಾಲಂಗೆ ಕೊನೆಗೂ ವಾರಸುದಾರರು ಸಿಗುತ್ತಿದ್ದಾರೆ.

ಅದು ಆದ ಮೇಲೆ ಸಣ್ಣ ಕಾಲಂಗಳ ಸರದಿ ಬಂದೇ ಬರುತ್ತದೆ. 70 ಸಾವಿರ ಎಕರೆ-ಅಡಿ ಅನ್ನುವುದು 75 ಲಕ್ಷದಲ್ಲಿ ಶೇಕಡಾ ಒಂದೂ ಅಲ್ಲ, ಆದರೆ ನೆವಾಡಾದ 3 ಲಕ್ಷದ ಎದುರು ಇಟ್ಟರೆ ಹತ್ತಿರ ಹತ್ತಿರ ಕಾಲು ಭಾಗ. ಆಗ ಮೊದಲ ಜಗಳ ದರದ ಬಗ್ಗೆ ಆಗುವುದಿಲ್ಲ ಅಂತ ನನ್ನ ಊಹೆ. ಲೆಕ್ಕವನ್ನು ದಿನದಿನಕ್ಕೆ ಮುಗಿಸಬೇಕೋ ವರ್ಷಕ್ಕೆ ಒಮ್ಮೆ ಕೂಡಿಸಬೇಕೋ ಅನ್ನುವುದರ ಬಗ್ಗೆ ಆಗುತ್ತದೆ. ಪಾರ್ಕರ್ ಕೆಳಗಿನವರು ವರ್ಷದ ಲೆಕ್ಕವೇ ಸಾಕು ಅನ್ನುತ್ತಾರೆ, ಮೇಲಿನಿಂದ ನೀರು ಎತ್ತುವ ನಗರಗಳು ದಿನದ ಲೆಕ್ಕ ತೋರಿಸಿ ಅನ್ನುತ್ತವೆ. ದಿನದ ಅಳತೆಗಳು ಬ್ಯೂರೋದ ಹತ್ತಿರ ಹೇಗೂ ಇರಲೇಬೇಕು, ದಿನವೂ ಗೇಟ್ ಎತ್ತಿ ಇಳಿಸುವುದು ಅದನ್ನು ನೋಡಿಕೊಂಡೇ ತಾನೆ. ಬಳಕೆದಾರರ ಹೆಸರಿನ ಎದುರು ಆ ಅಂಕಿಗಳನ್ನು ದಿನದ ಲೆಕ್ಕದಲ್ಲೇ ಪ್ರಕಟಿಸಲು ಡಿಕ್ರಿ ತಿದ್ದಬೇಕಾಗಿಲ್ಲ. ವರ್ಷಕ್ಕಿಂತ ಕಡಿಮೆ ಅವಧಿಗೂ ಲೆಕ್ಕ ಕೊಡಬಹುದು ಅಂತ ಅದೇ ಐದನೇ ವಿಧಿಯಲ್ಲಿದೆ. ಅವಶ್ಯ ಅಂತ ಬ್ಯೂರೋಗೆ ಮೇಲಧಿಕಾರಿಯಾದ ಒಳಾಡಳಿತ ಖಾತೆಯ ಕಾರ್ಯದರ್ಶಿಗೆ ಅನ್ನಿಸಿದರೆ ಸಾಕು.